ಕಿರುನಾಕ್ಕೆ ಬರುವ ಮುನ್ನ: ಯಾವ ಕೆಲಸಕ್ಕೆ ಯಾವ ಬಾಗಿಲು

ಹೆಂಡತಿ ಮತ್ತು ನಾಲ್ಕು ವರ್ಷದ ಮಗಳ ಜೊತೆ ಕೆಲಸಕ್ಕಾಗಿ ಸ್ವೀಡನ್ನಿನ ಕಿರುನಾಕ್ಕೆ ಬರುತ್ತಿದ್ದೀರಿ. ಊರು ಎಷ್ಟು ದೊಡ್ಡದು, ಮನೆ, ಶಾಲೆ, ಆಸ್ಪತ್ರೆಗೆ ಯಾರನ್ನು ಕೇಳಬೇಕು, ಊರನ್ನೇ ಎತ್ತಿ ಬೇರೆಡೆ ಇಡುತ್ತಿದ್ದಾರಂತೆ ನಿಜವೇ ಎಂದು ಕೇಳಿದ್ದೀರಿ.

ಕಿರುನಾ ಊರು ಬೇರೆ, ಕಿರುನಾ ಕೊಮ್ಮುನ್ ಬೇರೆ. ಕೊಮ್ಮುನ್ ಎಂದರೆ ಇಲ್ಲಿನ ಸ್ಥಳೀಯ ಸರ್ಕಾರ. ದೇಶದ 290 ಕೊಮ್ಮುನ್‌ಗಳಲ್ಲಿ ವಿಸ್ತೀರ್ಣದಲ್ಲಿ ಇದೇ ದೊಡ್ಡದು. ಕೆರೆ-ನದಿ ಸೇರಿ 20,000 ಚದರ ಕಿ.ಮೀ. ದಾಟುತ್ತದೆ, ನಮ್ಮ ಬೆಳಗಾವಿ ಜಿಲ್ಲೆಯ ಒಂದೂವರೆ ಪಟ್ಟು. ಜನ ಮಾತ್ರ ಸುಮಾರು 22,000, ಅವರಲ್ಲಿ ಬಹುಪಾಲು ಕಿರುನಾ ಊರಲ್ಲೇ ಇದ್ದಾರೆ. ಫಿನ್ಲೆಂಡ್ ಗಡಿಯ ಕರೆಸುವಾಂಡೊ ಹಳ್ಳಿ ಕಿರುನಾ ಊರಿಂದ ಸುಮಾರು 180 ಕಿ.ಮೀ., ನಾರ್ವೆ ಗಡಿಯ ರಿಕ್ಸ್‌ಗ್ರೆನ್ಸನ್ ಸುಮಾರು 130 ಕಿ.ಮೀ. ಇವೂ ಕಿರುನಾ ಕೊಮ್ಮುನ್ನೇ. ಹಾಗಾಗಿ ಬಾಡಿಗೆ ಜಾಹೀರಾತಿನಲ್ಲಿ ಕೊಮ್ಮುನ್ ಹೆಸರು ನೋಡಿ ಒಪ್ಪಬೇಡಿ, ಹಳ್ಳಿಯ ಹೆಸರು ಕೇಳಿ.

ಆಡಳಿತ ಮೂರು ಕಡೆ ಹಂಚಿಹೋಗಿದೆ. ಮಕ್ಕಳ ಶಾಲೆ, ನೀರು, ಕಸ, ಊರೊಳಗಿನ ರಸ್ತೆಯ ಹಿಮ, ವೃದ್ಧರ ಆರೈಕೆ, ಕಟ್ಟಡ ಪರವಾನಗಿ ಕೊಮ್ಮುನ್ ಕೈಯಲ್ಲಿ. ಆಸ್ಪತ್ರೆ ರೀಜನ್ ನೂರ್‌ಬಾಟನ್ ಎಂಬ ಪ್ರಾಂತ್ಯ ಮಟ್ಟದ ಆಡಳಿತದ ಕೈಯಲ್ಲಿ, ಅದರ ಕೇಂದ್ರ ಲೂಲಿಯೋ. ವೀಸಾ, ತೆರಿಗೆ, ಪೊಲೀಸ್ ದೇಶದ ಸರ್ಕಾರದ್ದು. ಡಾಕ್ಟರ್ ವಿಷಯಕ್ಕೆ ಕೊಮ್ಮುನ್ ಕಚೇರಿಗೆ ಹೋದರೆ ವಾಪಸ್ ಕಳಿಸುತ್ತಾರೆ. ಅದಕ್ಕೆ 1177ಕ್ಕೆ ಫೋನ್ ಮಾಡಬೇಕು, ತುರ್ತಿಗೆ 112. ಕಿರುನಾದಲ್ಲಿ ಆಸ್ಪತ್ರೆ ಇದ್ದರೂ ಹೆರಿಗೆ ವಾರ್ಡ್ ಇಲ್ಲ. ಹೆರಿಗೆಗೆ ಸುಮಾರು 120 ಕಿ.ಮೀ. ದೂರದ ಯೆಲ್ಲಿವಾರೆಗೆ ಹೋಗಬೇಕು. ಎರಡನೇ ಮಗುವಿನ ಯೋಚನೆ ಇದ್ದರೆ ಈಗಲೇ ತಿಳಿದಿರಲಿ.

ಎಲ್ಲಕ್ಕೂ ಬೀಗದ ಕೈ ಪರ್ಷೂನ್‌ನುಮ್ಮರ್, ಅಂದರೆ ವೈಯಕ್ತಿಕ ಗುರುತು ಸಂಖ್ಯೆ. ಕೊಡುವುದು ತೆರಿಗೆ ಇಲಾಖೆ ಸ್ಕಾಟ್ಟೆವರ್ಕೆಟ್, ಅದೂ ಕನಿಷ್ಠ ಒಂದು ವರ್ಷ ಇರುವವರಿಗೆ. ಎಡವಟ್ಟಾಗುವುದು ಇಲ್ಲೇ: ಪಾಸ್‌ಪೋರ್ಟ್ ಅವಧಿ ಮೀರಿ ವಾಸ ಪರವಾನಗಿ ಕೊಡುವುದಿಲ್ಲ. ಹೆಂಡತಿಯ ಅಥವಾ ಮಗಳ ಪಾಸ್‌ಪೋರ್ಟ್ ಹತ್ತು ತಿಂಗಳಲ್ಲಿ ಮುಗಿಯುವುದಿದ್ದರೆ ಪರವಾನಗಿಯೂ ಅಷ್ಟೇ ದಿನ, ಆಗ ಸಂಖ್ಯೆ ಸಿಗುವುದೇ ಕಷ್ಟ. ಮಕ್ಕಳ ಪಾಸ್‌ಪೋರ್ಟ್‌ಗೆ ಮೊದಲೇ ಅವಧಿ ಕಡಿಮೆ. ಅರ್ಜಿ ಹಾಕುವ ಮುಂಚೆ ಭಾರತದಲ್ಲೇ ಹೊಸದು ಮಾಡಿಸಿ. ಸಂಖ್ಯೆ ಬಂದ ಮೇಲೆ ಗುರುತಿನ ಚೀಟಿ, ಆಮೇಲೆ ಬ್ಯಾಂಕ್ ಖಾತೆ, ಖಾತೆಯಿಂದ ಬ್ಯಾಂಕ್‌ಐಡಿ ಆ್ಯಪ್. ಕೊಮ್ಮುನ್‌ನ ಆನ್‌ಲೈನ್ ಸೇವೆಗಳಿಗೆ ಲಾಗಿನ್ ಆಗುವುದು ಅದರಿಂದಲೇ. ಈ ಕ್ರಮ ಬದಲಾಯಿಸಲು ಹೋದರೆ ವಾರಗಟ್ಟಲೆ ವ್ಯರ್ಥ.

ಮಗಳಿಗೆ ಈಗ ಫೊರ್‌ಸ್ಕೂಲಾ, ಶಾಲೆಗೆ ಮುಂಚಿನದು. ಅರ್ಜಿ ಹಾಕಿದ ನಾಲ್ಕು ತಿಂಗಳೊಳಗೆ ಕೊಮ್ಮುನ್ ಜಾಗ ಕೊಡಲೇಬೇಕು ಎಂದು ಕಾನೂನಿದೆ. ಹಾಗಾಗಿ ಬಂದ ವಾರವೇ ಹಾಕಿ. ಅವಳ ವಯಸ್ಸಿಗೆ ವರ್ಷಕ್ಕೆ 525 ಗಂಟೆ ಉಚಿತ, ಹೆಚ್ಚಿನ ಗಂಟೆಗಳಿಗೆ ಆದಾಯದ ಮೇಲೆ ಶುಲ್ಕ, ಅದಕ್ಕೂ ಮೇಲ್ಮಿತಿ ಇದೆ. ಮುಂದೆ ಶಾಲೆಯಲ್ಲಿ ಕನ್ನಡ ಕಲಿಸುವಂತೆ ಕೇಳುವ ಹಕ್ಕೂ ಇದೆ, ಆದರೆ ಕೊಮ್ಮುನ್‌ನಲ್ಲಿ ಅದೇ ಭಾಷೆಗೆ ಕನಿಷ್ಠ ಐದು ಮಕ್ಕಳೂ ಒಬ್ಬ ತಕ್ಕ ಶಿಕ್ಷಕರೂ ಬೇಕು. ಸಾಮಿ, ಫಿನ್ನಿಶ್, ಮೆಯನ್‌ಕಿಯೆಲಿಯಂಥ ರಾಷ್ಟ್ರೀಯ ಅಲ್ಪಸಂಖ್ಯಾತ ಭಾಷೆಗಳಿಗೆ ಈ ಐದರ ಲೆಕ್ಕ ಇಲ್ಲ. ಇಲ್ಲಿ ಐವರು ಕನ್ನಡದ ಮಕ್ಕಳು ಸಿಗುವುದು ಕಷ್ಟ. ಮನೆಯಲ್ಲಿ ನೀವೇ ಓದಿಸಿ, ದಯವಿಟ್ಟು ಬಿಡಬೇಡಿ. ಹೆಂಡತಿಗೆ ಸ್ವೀಡಿಶ್ ತರಗತಿ ಎಸ್‌ಎಫ್‌ಐ, ಅದೂ ಕೊಮ್ಮುನ್‌ನದೇ, ಉಚಿತ.

ಊರು ಸ್ಥಳಾಂತರ ನಿಜ. ಎಲ್‌ಕೆಎಬಿ ಕಂಪನಿಯ ಕಬ್ಬಿಣದ ಅದಿರಿನ ಪದರ ಓರೆಯಾಗಿ ಊರಿನ ಅಡಿಗೇ ಇಳಿದಿದೆ. ಅದಿರು ತೆಗೆದಂತೆ ಮೇಲಿನ ಬಂಡೆ ಕುಸಿಯುತ್ತದೆ, ನೆಲ ಬಿರುಕು ಬಿಡುತ್ತದೆ. 2004ರಲ್ಲಿ ಸ್ಥಳಾಂತರದ ನಿರ್ಧಾರ ಪ್ರಕಟವಾಯಿತು. ಸುಮಾರು 3 ಕಿ.ಮೀ. ಪೂರ್ವಕ್ಕೆ ಕಟ್ಟಿದ ಹೊಸ ಪೇಟೆ 2022ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು. 1912ರ ಮರದ ಚರ್ಚನ್ನು 2025ರ ಆಗಸ್ಟ್‌ನಲ್ಲಿ ಎರಡು ದಿನದಲ್ಲಿ ಇಡಿಯಾಗಿ ಸಾಗಿಸಿದರು. ಹಠಾತ್ತನೆ ಮನೆ ಕುಸಿಯುವ ಭಯ ಬೇಡ, ಅಳೆದು ನೋಡಿ ಮುಂಚೆಯೇ ತೆರವು ಮಾಡಿಸುತ್ತಾರೆ. ಆದರೆ ತೆರವಾಗಬೇಕಾದ ಮನೆಗಳು ಇನ್ನೂ ಬಹಳ ಇವೆ. ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆ ಆ ವಿಳಾಸ ತೆರವು ವಲಯದಲ್ಲಿದೆಯೇ ಎಂದು ಕೊಮ್ಮುನ್‌ನ ಯೋಜನಾ ವಿಭಾಗಕ್ಕೆ ಈಮೇಲ್ ಮಾಡಿ ಕೇಳಿ. ಸಾರ್ವಜನಿಕ ದಾಖಲೆ ಕೇಳಲು ನಿಮ್ಮ ಹೆಸರು, ಕಾರಣ ಏನೂ ಹೇಳಬೇಕಿಲ್ಲ. ಪಾರ್ಕಿಂಗ್‌ನಲ್ಲಿ ಇಂಜಿನ್ ಬೆಚ್ಚಗಿಡುವ ಕರೆಂಟ್ ಪಾಯಿಂಟ್ ಇದೆಯೇ ಎಂದೂ ಮನೆ ಮಾಲೀಕರನ್ನು ಕೇಳಿ. ಮೈನಸ್ 30ರ ಬೆಳಗ್ಗೆ ಅದಿಲ್ಲದೆ ಕಾರು ಸ್ಟಾರ್ಟ್ ಆಗುವುದು ಅನುಮಾನ.

ತೆರಿಗೆ: ಸಂಬಳದ ಮೇಲೆ ಕೊಮ್ಮುನ್ ಮತ್ತು ರೀಜನ್ ಪಾಲು ಸೇರಿ ಸುಮಾರು 34 ಪ್ರತಿಶತ, ದೇಶದ ಸರಾಸರಿಗಿಂತ ತುಸು ಹೆಚ್ಚು.

ಊರಲ್ಲಿ ಕಾರ್ಪೊರೇಟರ್ ಹತ್ತಿರ ಹೋಗಿ ಕೆಲಸ ಮಾಡಿಸಿಕೊಂಡ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಚುನಾಯಿತ ಸದಸ್ಯರಲ್ಲಿ ಹೆಚ್ಚಿನವರು ಬೇರೆ ಉದ್ಯೋಗದಲ್ಲಿ ಇರುವವರು. ನಿಮ್ಮ ಅರ್ಜಿ ನೋಡುವುದು ಅಧಿಕಾರಿ. ಮೇಲ್ಮನವಿಗೆ ಅವಕಾಶವಿದ್ದರೆ ಅದನ್ನು ತೀರ್ಮಾನದ ಪತ್ರದಲ್ಲೇ ಬರೆದಿರುತ್ತಾರೆ. ಸಾಮಾನ್ಯವಾಗಿ ಪತ್ರ ಕೈಸೇರಿದ ಮೂರು ವಾರದೊಳಗೆ ಸಲ್ಲಿಸಬೇಕು, ಕೋರ್ಟಿಗಲ್ಲ, ತೀರ್ಮಾನ ಕೊಟ್ಟ ಕಚೇರಿಗೇ. ಅವರೇ ಮುಂದಕ್ಕೆ ಕಳಿಸುತ್ತಾರೆ. ಮೂರು ವರ್ಷ ನಿರಂತರವಾಗಿ ಸ್ವೀಡನ್ನಿನ ನಿವಾಸಿಗಳ ನೋಂದಣಿಯಲ್ಲಿದ್ದರೆ ಭಾರತೀಯ ಪಾಸ್‌ಪೋರ್ಟ್ ಇಟ್ಟುಕೊಂಡೇ ಕೊಮ್ಮುನ್ ಮತ್ತು ರೀಜನ್ ಚುನಾವಣೆಯಲ್ಲಿ ಮತ ಹಾಕಬಹುದು. ಅದಕ್ಕೆ ಅರ್ಜಿ ಬೇಕಿಲ್ಲ, ಮತದಾನದ ಕಾರ್ಡ್ ಮನೆಗೇ ಬರುತ್ತದೆ.