ಮೊದಲ ಕಾದಂಬರಿ ಅರ್ಧಕ್ಕೇ ನಿಂತುಹೋಗುವುದೇಕೆ?

ಮೊದಲ ಕಾದಂಬರಿಯ ಹಸ್ತಪ್ರತಿ ಮೂರು ನಾಲ್ಕು ಅಧ್ಯಾಯಗಳಿಗೇ ನಿಂತುಹೋಗುವುದು ಬಹುಮಟ್ಟಿಗೆ ಪ್ರತಿಭೆಯ ಕೊರತೆಯಿಂದಲ್ಲ, ಬರೆಯುವ ಕೆಲಸವನ್ನೂ ತಿದ್ದುವ ಕೆಲಸವನ್ನೂ ಒಟ್ಟಿಗೇ ಮಾಡಹೊರಡುವುದರಿಂದ. ಕಥೆಯ ಕೊನೆ ಕೈಗೆ ಸಿಗುವ ಮುನ್ನ ಅದರ ಆರಂಭದಲ್ಲಿ ಏನಿರಬೇಕೆಂದು ಬರೆಯುವವರಿಗೂ ತಿಳಿದಿರುವುದಿಲ್ಲ. ಎರಡನೆಯ ಅಧ್ಯಾಯದಲ್ಲಿ ಸುಮ್ಮನೆ ಅಜ್ಜಿಯ ಸೊಂಟಕ್ಕೆ ಸಿಕ್ಕಿಸಿದ ಬೀಗದಕೈ ಗೊಂಚಲು ಇಪ್ಪತ್ತನೆಯ ಅಧ್ಯಾಯದಲ್ಲಿ ಸೊಸೆಯ ಕೈಗೆ ಬಂದಾಗಲೇ, ಕಥೆಯ ತಿರುಳು ಅದರಲ್ಲಿತ್ತೆಂದು ಗೊತ್ತಾಗುವುದು. ಅದಕ್ಕೂ ಮೊದಲೇ ಆ ಪುಟವನ್ನು ಹತ್ತು ಬಾರಿ ತಿದ್ದಿದರೆ ಶ್ರಮವೂ ಹುಮ್ಮಸ್ಸೂ ಅಲ್ಲೇ ಕರಗುತ್ತವೆ.

ಆದ್ದರಿಂದ ಮೊದಲ ಕರಡನ್ನು ಹಿಂತಿರುಗಿ ನೋಡದೆ ಮುಗಿಸಿ. ದಿನಕ್ಕೆ 300 ಪದಗಳಂತೆ ಬರೆದರೂ 200 ದಿನಗಳಲ್ಲಿ 60,000 ಪದಗಳಾಗುತ್ತವೆ. ಕನ್ನಡದಲ್ಲಿ ಅದು ತುಂಬು ಗಾತ್ರದ ಕಾದಂಬರಿಯೇ. ತಡವಾಗುತ್ತದೆಂದು ದಯವಿಟ್ಟು ಅಂಜಬೇಡಿ. ಕುವೆಂಪು ಅವರ ಮೊದಲ ಕಾದಂಬರಿ ಪ್ರಕಟವಾದದ್ದು 1936ರಲ್ಲಿ, ಎರಡನೆಯದು 1967ರಲ್ಲಿ. ಪ್ರತಿದಿನವೂ ಮುಂದಿನ ಮಾತು ಏನೆಂದು ಗೊತ್ತಿರುವಾಗಲೇ, ಸಂಭಾಷಣೆಯ ನಡುವೆಯಾದರೂ ಸರಿ, ಲೇಖನಿಯನ್ನು ಕೆಳಗಿಡಿ. ಮರುದಿನ ಖಾಲಿ ಹಾಳೆಯನ್ನು ನೋಡುತ್ತ ಕೂರದೆ, ಅರ್ಧಕ್ಕೆ ನಿಂತ ಆ ಮಾತಿನಿಂದಲೇ ಮುಂದುವರಿಯಬಹುದು.