ಬೆಂಕಿ ಹತ್ತಲೇ ಇಲ್ಲ: ನಿಮ್ಮ ‘ಇಳಿದಿದ್ದರೆ’ ಲೇಖನದ ಬಗ್ಗೆ

ಪ್ರಿಯರೇ,

‘ಇಳಿದಿದ್ದರೆ’ ತಲುಪಿತು, ಎರಡು ಸಲ ಓದಿದೆವು. ಅಮೆರಿಕದ ರಾಕ್ ತಂಡ ಲಿನರ್ಡ್ ಸ್ಕಿನರ್ಡ್‌ನ ವಿಮಾನ 1977ರ ಅಕ್ಟೋಬರ್ 20ರಂದು ಮಿಸಿಸಿಪ್ಪಿಯ ಕಾಡಿಗೆ ಬೀಳದೆ, ತಲುಪಬೇಕಿದ್ದ ಬ್ಯಾಟನ್ ರೂಜ್‌ನಲ್ಲಿ ಇಳಿದಿದ್ದರೆ ಮುಂದೇನಾಗುತ್ತಿತ್ತು ಎಂಬುದು ನಿಮ್ಮ ಕಲ್ಪನೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕಸದ ಬುಟ್ಟಿಗೆ ಹಾಕುವ ಬರಹವೂ ಅಲ್ಲ, ಅದಕ್ಕೇ ಇಷ್ಟುದ್ದದ ಉತ್ತರ.

ಮೊದಲು ಮೂರನೇ ಪುಟ. ವಿಮಾನ ‘ಬೆಂಕಿಯುಂಡೆಯಾಗಿ ಧರೆಗುರುಳಿತು’ ಎಂದು ಬರೆದಿದ್ದೀರಿ. ಬೆಂಕಿ ಹತ್ತಲೇ ಇಲ್ಲ. ಹತ್ತುವುದಕ್ಕೆ ಟ್ಯಾಂಕಿನಲ್ಲಿ ಇಂಧನ ಬೇಕಲ್ಲ? ಅದು ಖಾಲಿಯಾದ್ದರಿಂದಲೇ ವಿಮಾನ ಬಿದ್ದದ್ದು. ಒಳಗಿದ್ದ 26 ಮಂದಿಯಲ್ಲಿ 20 ಜನ ಬದುಕಿದ್ದಕ್ಕೆ ಅದೂ ಒಂದು ಕಾರಣ. ನಿಮಗೆ ಈ ಬೆಂಕಿ ಎಲ್ಲಿ ಸಿಕ್ಕಿತೆಂದು ಊಹಿಸಬಲ್ಲೆವು. ದುರಂತಕ್ಕೆ ಮೂರೇ ದಿನ ಮೊದಲು ಬಿಡುಗಡೆಯಾದ ‘ಸ್ಟ್ರೀಟ್ ಸರ್ವೈವರ್ಸ್’ ಆಲ್ಬಂನ ಹೊದಿಕೆಯಲ್ಲಿ ತಂಡದವರು ಜ್ವಾಲೆಗಳ ನಡುವೆ ನಿಂತಿದ್ದರು. ತೀರಿಕೊಂಡ ಗಿಟಾರ್ ವಾದಕ ಸ್ಟೀವ್ ಗೇನ್ಸ್‌ನ ಪತ್ನಿ ಕೇಳಿಕೊಂಡ ಮೇಲೆ ಕಂಪನಿ ಅದನ್ನು ತೆಗೆದು ಬರೀ ಕಪ್ಪು ಹಿನ್ನೆಲೆಯ ಹೊದಿಕೆ ಹಾಕಿತು. ಆ ಚಿತ್ರದ ಕಿಡಿ ನಿಮ್ಮ ವಾಕ್ಯಕ್ಕೆ ತಗುಲಿದೆ. ನೀವು ಹೊದಿಕೆಯ ಪ್ರಸ್ತಾಪವನ್ನೇ ಮಾಡಿಲ್ಲ ಎನ್ನುವುದು ಬೇರೆ ಮಾತು. ಮಾಡಿದ್ದರೆ ತಪ್ಪು ನಿಮಗೇ ಕಾಣುತ್ತಿತ್ತು.

ಇದು ಬರೀ ಮಾಹಿತಿಯ ತಪ್ಪಾಗಿದ್ದರೆ ನಾವೇ ತಿದ್ದಿಕೊಳ್ಳುತ್ತಿದ್ದೆವು. ಆದರೆ ಇಡೀ ಲೇಖನದ ಕೀಲು ಇಲ್ಲೇ ಸಡಿಲವಾಗಿದೆ. ದುರಂತ ಹೇಗೆ ತಪ್ಪಿತು ಎನ್ನುವುದಕ್ಕೆ ನೀವು ಕೊಟ್ಟಿರುವುದು ಒಂದೇ ಸಾಲು: ‘ಆ ಸಂಜೆ ವಿಧಿಗೆ ಕರುಣೆ ಬಂತು.’ ವಿಧಿ ಟ್ಯಾಂಕ್ ತುಂಬಿಸುವುದಿಲ್ಲ. ವಿಮಾನ ಕಾನ್ವೇರ್ 240, ಹೊರಟದ್ದು ದಕ್ಷಿಣ ಕ್ಯಾರೊಲಿನಾದ ಗ್ರೀನ್‌ವಿಲ್‌ನಿಂದ. ಬಲಗಡೆಯ ಎಂಜಿನ್ ಯಾವುದೋ ದೋಷದಿಂದ ಹೆಚ್ಚು ಇಂಧನ ಕುಡಿಯುತ್ತಿತ್ತು, ಪೈಲಟ್‌ಗಳು ಲೆಕ್ಕ ಇಡಲಿಲ್ಲ, ಎರಡೂ ಎಂಜಿನ್ ನಿಂತವು. ತನಿಖಾ ವರದಿಯ ಸಾರ ಇಷ್ಟೇ. ಮಕೋಂಬ್ ವಿಮಾನ ನಿಲ್ದಾಣಕ್ಕೆ ತಿರುಗಿಸಲು ನೋಡಿದರು, ಆಗಲಿಲ್ಲ, ಗಿಲ್ಸ್‌ಬರ್ಗ್ ಬಳಿಯ ಮರಗಳ ಮೇಲೆ ಇಳಿಸಬೇಕಾಯಿತು. ಹಾಗಾದರೆ ನಿಮ್ಮ ಕಥೆ ಕವಲೊಡೆಯಬೇಕಾದ ಜಾಗ ಆಕಾಶದಲ್ಲಿಲ್ಲ, ಗ್ರೀನ್‌ವಿಲ್‌ನ ನೆಲದಲ್ಲಿದೆ. ಯಾರೋ ಒಬ್ಬ ಮೀಟರ್ ನಂಬದೆ ಟ್ಯಾಂಕನ್ನು ಕಣ್ಣಾರೆ ನೋಡುತ್ತಾನೆ. ಅಥವಾ ನಡುದಾರಿಯಲ್ಲಿ ಇಳಿದು ಇಂಧನ ತುಂಬಿಸುತ್ತಾರೆ, ಒಂದು ಗಂಟೆ ತಡ, ಎಲ್ಲರಿಗೂ ಕಿರಿಕಿರಿ. ಇಂಥದ್ದನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ. ಓದುಗ ನಂಬುತ್ತಾನೆ, ಹೊಟ್ಟೆಯೂ ಉರಿಯುತ್ತದೆ.

ಇನ್ನು ಇಳಿದ ನಂತರದ ಬದುಕು. ದುರಂತದಲ್ಲಿ ತೀರಿಕೊಂಡ ಮುಖ್ಯ ಗಾಯಕ ರೋನಿ ವ್ಯಾನ್ ಜ್ಯಾಂಟ್ ನಿಮ್ಮ ಲೆಕ್ಕದಲ್ಲಿ ಮತ್ತೆ 30 ವರ್ಷ ಅದೇ ಹಾಡುಗಳನ್ನು ಇನ್ನೂ ದೊಡ್ಡ ಮೈದಾನಗಳಲ್ಲಿ ಹಾಡುತ್ತಾನೆ. ಇದು ‘ಆಗಬಹುದಾಗಿದ್ದದ್ದು’ ಅಲ್ಲ, ಆದದ್ದನ್ನೇ ಎಳೆದು ಉದ್ದ ಮಾಡಿದ್ದು. ಆ ತಂಡ ಆಗಲೇ ಬದಲಾಗತೊಡಗಿತ್ತು, ಸಾಕ್ಷಿ ಅವರ ಕೊನೆಯ ಆಲ್ಬಂ ‘ಸ್ಟ್ರೀಟ್ ಸರ್ವೈವರ್ಸ್’ನಲ್ಲೇ ಇದೆ. ಎಡ್ ಕಿಂಗ್ 1975ರಲ್ಲಿ ಬಿಟ್ಟುಹೋದ ಮೇಲೆ ಮೂರನೇ ಗಿಟಾರಿನ ಜಾಗ ಖಾಲಿಯಿತ್ತು. ಹಿನ್ನೆಲೆಯಲ್ಲಿ ಹಾಡುತ್ತಿದ್ದ ಕ್ಯಾಸಿ ಗೇನ್ಸ್ ತನ್ನ ತಮ್ಮ ಸ್ಟೀವ್‌ನ ಹೆಸರು ಹೇಳಿದಳು, 1976ರಲ್ಲಿ ಅವನು ಸೇರಿದ. ಮರುವರ್ಷದ ಆಲ್ಬಂನ 8 ಹಾಡುಗಳಲ್ಲಿ 4 ಅವನು ಬರೆದದ್ದು ಅಥವಾ ರೋನಿಯ ಜತೆ ಸೇರಿ ಬರೆದದ್ದು. ಒಂದನ್ನು ಪೂರ್ತಿ ಅವನೇ ಹಾಡಿದ್ದಾನೆ, ಇನ್ನೊಂದರಲ್ಲಿ ಇಬ್ಬರೂ ಸರದಿಯಂತೆ ಹಾಡುತ್ತಾರೆ. ನಿನ್ನೆ ಮೊನ್ನೆ ಬಂದ ಹುಡುಗನಿಗೆ ರೋನಿಯಂಥ ಹಟಮಾರಿ ಮೈಕ್ ಬಿಟ್ಟುಕೊಟ್ಟಿದ್ದಾನೆ! ನಿಮ್ಮ ಲೇಖನದಲ್ಲಿ ಸ್ಟೀವ್‌ಗೆ ಸಿಕ್ಕಿರುವುದು ಅರ್ಧ ವಾಕ್ಯ, ಅದೂ ಸತ್ತವರ ಪಟ್ಟಿಯಲ್ಲಿ.

ಇನ್ನೊಂದು ಸಾಕ್ಷಿಯನ್ನು ನೀವು ಬಳಸಿಯೇ ಇಲ್ಲ. ಈ ಆಲ್ಬಂ ಅನ್ನು ಮೊದಲು ಮಯಾಮಿಯ ಕ್ರೈಟೀರಿಯಾ ಸ್ಟುಡಿಯೋದಲ್ಲಿ ನಿರ್ಮಾಪಕ ಟಾಮ್ ಡೌಡ್ ಜತೆ ರೆಕಾರ್ಡ್ ಮಾಡಿದ್ದರು. ತೃಪ್ತಿಯಾಗದೆ ಜಾರ್ಜಿಯಾದ ಡೋರಾವಿಲ್‌ಗೆ ಹೋಗಿ ಹೆಚ್ಚಿನ ಭಾಗವನ್ನು ಮತ್ತೆ ನುಡಿಸಿದರು. ಮೊದಲ ಆವೃತ್ತಿ 2008ರಲ್ಲಿ ಹೊರಬಂತು. ಎರಡನ್ನೂ ಹೆಡ್‌ಫೋನ್ ಹಾಕಿಕೊಂಡು ಒಂದರ ಹಿಂದೊಂದು ಕೇಳಿ, ಏನನ್ನು ಬಿಟ್ಟರು, ಏನನ್ನು ಉಳಿಸಿಕೊಂಡರು ಎಂದು ಗುರುತು ಹಾಕಿಕೊಳ್ಳಿ. ಹೊರಟಿದ್ದ ದಿಕ್ಕು ಅಲ್ಲಿ ಕೇಳಿಸುತ್ತದೆ. ನಿಮ್ಮ 1978, 1979 ಅಲ್ಲಿಂದ ಹುಟ್ಟಬೇಕು.

ನಿಜವಾಗಿ ನಡೆದದ್ದನ್ನು ಮುಚ್ಚಿಟ್ಟಿರುವುದೂ ಸರಿಯಲ್ಲ. ಬದುಕುಳಿದ ಗಿಟಾರ್ ವಾದಕರಾದ ಗ್ಯಾರಿ ರಾಸಿಂಗ್ಟನ್ ಮತ್ತು ಅಲೆನ್ ಕಾಲಿನ್ಸ್ ಬೇರೆ ತಂಡ ಕಟ್ಟಿದಾಗ ಮುಖ್ಯ ಗಾಯಕಿಯಾಗಿ ಹೆಣ್ಣುಮಗಳನ್ನು ಆರಿಸಿಕೊಂಡರು, ಯಾರೂ ರೋನಿಗೆ ಹೋಲಿಸಬಾರದೆಂದು. 1987ರಲ್ಲಿ ರೋನಿಯ ತಮ್ಮ ಜಾನಿಯನ್ನು ಮುಂದಿಟ್ಟುಕೊಂಡು ಹಳೆಯ ಹೆಸರಿನಲ್ಲೇ ವೇದಿಕೆ ಹತ್ತಿದರು. ಕಲ್ಪನೆಯ ತಂಡವನ್ನು ಈ ನಿಜದ ತಂಡದ ಪಕ್ಕದಲ್ಲಿ ನಿಲ್ಲಿಸದಿದ್ದರೆ ಓದುಗ ಮೊಬೈಲ್ ತೆಗೆದು ತಾನೇ ನಿಲ್ಲಿಸುತ್ತಾನೆ.

ಕೊನೆಯ ದೃಶ್ಯಕ್ಕೆ ಬರೋಣ: 1980, ಬೆಂಗಳೂರಿನ ಅರಮನೆ ಮೈದಾನ, ರೋನಿ ಬರಿಗಾಲಲ್ಲಿ ವೇದಿಕೆಯ ಮೇಲೆ. ಬರಿಗಾಲು ಸರಿ, ಅವನು ಹಾಗೇ ಹಾಡುತ್ತಿದ್ದ. ಮೈದಾನ ಮಾತ್ರ ಒಪ್ಪಿಗೆಯಾಗಲಿಲ್ಲ. ಆ ಮೈದಾನದಲ್ಲಿ ವಿದೇಶಿ ರಾಕ್ ತಂಡಗಳಾದ ಐರನ್ ಮೇಡನ್ ನುಡಿಸಿದ್ದು 2007ರಲ್ಲಿ, ಮೆಟಾಲಿಕಾ 2011ರ ಅಕ್ಟೋಬರ್ 30ರಂದು. 30 ವರ್ಷ ಹಿಂದಕ್ಕೆ ಎಳೆದುತಂದರೆ ಊರಿನ ಮೇಲಿನ ಪ್ರೀತಿ ಕಾಣುತ್ತದೆ, ಕಥೆ ಕಾಣುವುದಿಲ್ಲ. ಬೆಂಗಳೂರು ಬೇಕೇಬೇಕು ಅಂದರೆ ಮೆಟಾಲಿಕಾದ್ದೇ ಬರೆಯಿರಿ. 1986ರ ಸೆಪ್ಟೆಂಬರ್ 27ರಂದು ಸ್ವೀಡನ್‌ನಲ್ಲಿ ಅವರ ಬಸ್ಸು ಮಗುಚಿ ಬಾಸ್ ವಾದಕ ಕ್ಲಿಫ್ ಬರ್ಟನ್ 24ನೇ ವಯಸ್ಸಿಗೇ ಹೋದ. 1988ರ ಅವರ ಆಲ್ಬಂನಲ್ಲಿ ಬಾಸ್ ಕೇಳಿಸುವುದೇ ಕಷ್ಟ. ನಮ್ಮೂರಿನ ಜನ 2011ರ ಆ ರಾತ್ರಿ ನೋಡಿದ್ದು ಕ್ಲಿಫ್‌ನ ಜಾಗದಲ್ಲಿ ನಿಂತಿದ್ದ ರಾಬರ್ಟ್ ಟ್ರುಹಿಯೋನನ್ನು. ಆದರೆ ಅದು ಬೇರೆಯೇ ಲೇಖನ. ಎರಡನ್ನೂ ಒಂದರಲ್ಲಿ ತುರುಕಬೇಡಿ.

ಭಾಷೆಯ ಬಗ್ಗೆ ಎರಡು ಮಾತು. ‘ದಾಕ್ಷಿಣಾತ್ಯ ಶಿಲಾಸಂಗೀತ’ ಎಂದು ಓದಿ ನಮ್ಮಲ್ಲೊಬ್ಬರು ಹಂಪಿಯ ಕಲ್ಲುಕಂಬಗಳ ಬಗ್ಗೆ ಅಂದುಕೊಂಡರು. ಸದರ್ನ್ ರಾಕ್ ಎಂದೇ ಬರೆಯಿರಿ, ಅದು ಅಮೆರಿಕದ ದಕ್ಷಿಣ ಎಂದು ಒಮ್ಮೆ ಹೇಳಿದರೆ ಸಾಕು. ‘ಅಮರ’, ‘ಅಜರಾಮರ’, ‘ಚಿರಂಜೀವಿ’ ಸೇರಿ 11 ಸಲ ಬಂದಿವೆ, ಹನ್ನೊಂದನ್ನೂ ತೆಗೆಯಿರಿ. ಮೊದಲ ಎರಡು ಪುಟದ ಸಾವಿನ ಚಿಂತನೆಯೂ ಬೇಡ. ಅದರ ಜಾಗಕ್ಕೆ ತಂಡದ ಹೆಸರಿನ ಕಥೆ ಬರಲಿ: ಉದ್ದ ಕೂದಲು ಬಿಟ್ಟ ಹುಡುಗರ ಮೇಲೆ ಹರಿಹಾಯುತ್ತಿದ್ದ ಪಿಟಿ ಮೇಷ್ಟ್ರು ಲಿಯೊನಾರ್ಡ್ ಸ್ಕಿನ್ನರ್, ಅವರ ಹೆಸರಿನ ಅಕ್ಷರಗಳನ್ನು ತಿರುಚಿ ಇಟ್ಟದ್ದು. ಇಂಥ ಮೇಷ್ಟ್ರು ನಮ್ಮ ಓದುಗರಿಗೆಲ್ಲ ಗೊತ್ತು, ಪುಟ ತಿರುಗಿಸುತ್ತಾರೆ.

2,400 ಪದ ಇದೆ, 1,400ಕ್ಕೆ ತನ್ನಿ. ಮರುಬರಹ ಕಳಿಸುವಾಗ ಎರಡೂ ರೆಕಾರ್ಡಿಂಗ್ ಕೇಳುತ್ತಾ ಹಾಕಿಕೊಂಡ ಟಿಪ್ಪಣಿಯನ್ನೂ ಜತೆಗಿಡಿ. ಅದನ್ನೇ ಮೊದಲು ಓದುತ್ತೇವೆ.

ಸಂಪಾದಕರು