ಮೂರು ಸಲ ಮುಚ್ಚಿದರೂ ಬಾಯಿ ತೆರೆಯುವ ಗುಂಡಿ

ಪ್ರಶ್ನೆ: ನಮ್ಮ ಮನೆ ಹತ್ತಿರದ ತಿರುವಿನಲ್ಲಿ ಒಂದು ಗುಂಡಿ ಇದೆ. ವರ್ಷದಲ್ಲಿ ಮೂರು ಸಲ ಮುಚ್ಚಿ ಹೋದರು. ಒಂದು ಜೋರು ಮಳೆ ಬಂದರೆ ಸಾಕು, ಮತ್ತೆ ಅದೇ ಗುಂಡಿ. ಕೆಲಸ ಕಳಪೆಯೋ, ನಮ್ಮ ಹಣೆಬರಹವೋ? ಯಾರಿಗೆ ಹೇಳಬೇಕು?
– ಓದುಗರೊಬ್ಬರು, ಕೊಪ್ಪಳ

ಉತ್ತರ: ಹಣೆಬರಹದ ಮಾತು ಬಿಡಿ. ಮುಂದಿನ ಮಳೆ ನಿಂತು ಅರ್ಧ ಗಂಟೆ ಆದ ಮೇಲೆ ಆ ತಿರುವಿಗೆ ಹೋಗಿ ನೋಡಿ. ನೀರು ಚರಂಡಿಗೆ ಇಳಿದಿದೆಯೋ, ರಸ್ತೆ ಮೇಲೆಯೇ ನಿಂತಿದೆಯೋ? ನಿಂತಿದ್ದರೆ ಅಲ್ಲಿ ಎಷ್ಟು ಸಲ ಡಾಂಬರು ಸುರಿದರೂ ಅಷ್ಟೇ. ನೀರು ಬಿರುಕಿನೊಳಗೆ ಇಳಿದು ಜಲ್ಲಿಗೂ ಡಾಂಬರಿಗೂ ಇರುವ ಹಿಡಿತ ಬಿಡಿಸುತ್ತದೆ, ಆಮೇಲೆ ಲಾರಿ ಚಕ್ರ ಒಂದೊಂದೇ ಕಲ್ಲನ್ನು ಕಿತ್ತು ಹಾಕುತ್ತದೆ. ನಮ್ಮ ಕಡೆ ಅದರ ಕೆಳಗೆ ಎರೆಮಣ್ಣು ಬೇರೆ. ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರುಕು ಬಿಡುವ ಮಣ್ಣು, ಮಳೆ ಬಿದ್ದರೆ ಉಬ್ಬಿ ನಿಲ್ಲುತ್ತದೆ. ಎರೆಹೊಲದವರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಅಲ್ವಾ? ಆ ಮಣ್ಣು ತೆಗೆದು ಗರಸು ಹಾಕಿ ಗಟ್ಟಿ ಮಾಡದಿದ್ದರೆ ಮೇಲಿನ ರಸ್ತೆಯೂ ಅದರ ಜೊತೆ ಏಳುತ್ತದೆ, ಕುಸಿಯುತ್ತದೆ.

ಗುಂಡಿ ಮುಚ್ಚುವುದಕ್ಕೂ ಒಂದು ಪದ್ಧತಿ ಇದೆ. ಅಂಚನ್ನು ಚೌಕವಾಗಿ, ನೇರವಾಗಿ ಕತ್ತರಿಸಬೇಕು. ಧೂಳು, ನೀರು, ಸಡಿಲ ಕಲ್ಲು ಎಲ್ಲ ತೆಗೆದು, ತೆಳುವಾಗಿ ಟಾರು ಸವರಿ, ಬಿಸಿ ಮಿಶ್ರಣ ತುಂಬಿ ರೋಲರ್ ಓಡಿಸಬೇಕು. ನಾನು ಕಣ್ಣಾರೆ ಕಂಡಿದ್ದೇ ಬೇರೆ: ಟ್ರ್ಯಾಕ್ಟರ್ ನಿಂತಿತು, ಕೆಸರು ನೀರು ಇದ್ದ ಗುಂಡಿಗೇ ಎರಡು ಸಲಿಕೆ ಮಿಶ್ರಣ ಬಿತ್ತು, ಸಲಿಕೆ ಬೆನ್ನಿನಿಂದ ನಾಲ್ಕು ಏಟು, ಮುಗೀತು. ಬೆಳಿಗ್ಗೆ ಹಾಲಿನವನ ಬೈಕ್ ಅದನ್ನೇ ಚೆಲ್ಲಾಡಿಕೊಂಡು ಹೋಯಿತು.

ಯಾರಿಗೆ ಹೇಳಬೇಕು ಅಂದರೆ, ಮೊದಲು ಅದು ಯಾರ ರಸ್ತೆ ಅಂತ ತಿಳಿಯಬೇಕು. ಕೊಪ್ಪಳದ ಮೇಲೆ ಹಾದುಹೋಗುವ 67ನೇ ಹೆದ್ದಾರಿ ರಾಷ್ಟ್ರೀಯ ಹೆದ್ದಾರಿಯವರದ್ದು. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಗೆ. ಓಣಿ, ವಾರ್ಡಿನ ರಸ್ತೆ ನಗರಸಭೆಗೆ. ಮಗ್ಗುಲಲ್ಲೇ ಇರುವ ಭಾಗ್ಯನಗರಕ್ಕೆ ಬೇರೆಯದೇ ಪಟ್ಟಣ ಪಂಚಾಯಿತಿ ಇದೆ. ಹೊಸ ಲೇಔಟ್ ಆದರೆ ನಗರಸಭೆಗೆ ಹಸ್ತಾಂತರ ಆಗಿದೆಯೋ ಇಲ್ಲವೋ ಕೇಳಿ, ಆಗಿಲ್ಲದಿದ್ದರೆ ಅಲ್ಲಿ ನಿಮ್ಮ ದೂರು ಸುಮ್ನೆ ಅಲೆಯುತ್ತದೆ.

ಆಮೇಲೆ ಬಾಯಿಮಾತು ಬೇಡ, ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ಗುತ್ತಿಗೆದಾರ ಮಾಡಿದ ರಸ್ತೆಗೆ ಇಂತಿಷ್ಟು ಕಾಲ ಅವನೇ ಹೊಣೆ ಎಂಬ ಷರತ್ತು ಇರುತ್ತದೆ. ಆ ಅವಧಿ ಮುಗಿದಿಲ್ಲದಿದ್ದರೆ ಅವನ ಖರ್ಚಿನಲ್ಲೇ ಸರಿಮಾಡಿಸಬೇಕು. ಎಂಜಿನಿಯರ್ ಬರೆಯುವ ಅಳತೆ ಪುಸ್ತಕವನ್ನು ಕಚೇರಿಯಲ್ಲಿ 'ಎಂಬಿ' ಅಂತಾರೆ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಆ ಎಂಬಿ ಪ್ರತಿ, ಕಾಮಗಾರಿ ಅಂದಾಜು, ಹೊಣೆ ಅವಧಿ, ಈ ಮೂರನ್ನೂ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಎಷ್ಟೋ ಸಲ ಅರ್ಜಿ ಕೊಟ್ಟ ಸುದ್ದಿ ಹೋದ ಕೂಡಲೇ ರೋಲರ್ ಬಂದುಬಿಡುತ್ತದೆ.

ಪ್ರಶ್ನೆ: ಹೊಸ ಸಿಸಿ ರಸ್ತೆ ಮಾಡಿದ ಎರಡೇ ತಿಂಗಳಿಗೆ ನಲ್ಲಿ ಪೈಪಿಗೆ ಅಗೆದರು. ಮೊದಲೇ ಅಗೆಯೋಕೆ ಏನಾಗಿತ್ತು?
– ಗೃಹಿಣಿ, ರಾಯಚೂರು

ಉತ್ತರ: ಏನೂ ಆಗಿರಲಿಲ್ಲ. ಪೈಪಿನ ಯೋಜನೆ ಒಬ್ಬರದು, ರಸ್ತೆ ಇನ್ನೊಬ್ಬರದು, ದುಡ್ಡು ಬರುವ ತಿಂಗಳೂ ಬೇರೆ. ಈಗ ನೀವು ನೋಡಬೇಕಾದ್ದು, ಅಗೆದ ಸಾಲನ್ನು ಹೇಗೆ ಮುಚ್ಚುತ್ತಾರೆ ಅನ್ನುವುದು. ತೆಗೆದ ಎರೆಮಣ್ಣನ್ನೇ ಒಮ್ಮೆಗೇ ಹಿಂದಕ್ಕೆ ತಳ್ಳಿದರೆ ಮೊದಲ ಮಳೆಗೇ ಅಲ್ಲಿ ಕಾಲುವೆ ಆಗುತ್ತದೆ. ಪದರ ಪದರವಾಗಿ ತುಂಬಿ ಗಟ್ಟಿ ಮಾಡಬೇಕು. ಇನ್ನೊಂದು, ಬೇಜಾರಾಗಬೇಡಿ: ಮನೆ ಮುಂದಿನ ರ‍್ಯಾಂಪ್ ಚರಂಡಿಯನ್ನು ಮುಚ್ಚಿಲ್ಲ ತಾನೇ?

ಪ್ರಶ್ನೆ: ಬೀದಿದೀಪ ಕೆಟ್ಟರೆ ಕರೆಂಟ್ ಕಂಪನಿ ಜೆಸ್ಕಾಂನವರು ನಗರಸಭೆಗೆ ಹೇಳಿ ಅಂತಾರೆ. ಸರಿಯೇ?
– ವಿದ್ಯಾರ್ಥಿ, ಕೊಪ್ಪಳ

ಉತ್ತರ: ಸರಿ. ತಂತಿ ಹರಿದರೆ, ಕಂಬ ವಾಲಿದರೆ ಜೆಸ್ಕಾಂ. ಬಲ್ಬು ಉರಿಯದಿದ್ದರೆ ನಗರಸಭೆ. ಕಂಬದ ಮೇಲೆ ನಂಬರ್ ಇದ್ದರೆ ಬರೆದುಕೊಂಡು ಹೋಗಿ. 'ಬೇವಿನ ಗಿಡದ ಹತ್ತಿರದ್ದು ಸರ್' ಅಂದರೆ ಊರಲ್ಲಿರುವ ಬೇವಿನ ಗಿಡವನ್ನೆಲ್ಲ ಅವರು ಎಲ್ಲಿ ಅಂತ ಹುಡುಕುತ್ತಾರೆ?